ಹಾಡೊಂದಕ್ಕೆ ಎರಡು ಡಾಲರ್: ಫ್ಯಾನಿ ಕ್ರಾಸ್ಬಿಯವರ ಗೀತೆಗಳು ಅಚ್ಚಾದ ಬಗೆ

ಅಮೆರಿಕದ ಫ್ಯಾನಿ ಕ್ರಾಸ್ಬಿಯವರು ಎಂಟು ಸಾವಿರಕ್ಕೂ ಹೆಚ್ಚು ಕ್ರೈಸ್ತ ಭಕ್ತಿಗೀತೆಗಳನ್ನು ರಚಿಸಿದರೆಂಬುದು ಸಾಮಾನ್ಯವಾಗಿ ಎಲ್ಲರೂ ಒಪ್ಪುವ ಲೆಕ್ಕ. ಹೆಚ್ಚಿನ ಹಾಡುಗಳಿಗೆ ಅವರ ಕೈಸೇರಿದ್ದು ತಲಾ ಒಂದೋ ಎರಡೋ ಡಾಲರ್. ಅವೇ ಹಾಡುಗಳಿದ್ದ ಪುಸ್ತಕಗಳು ಲಕ್ಷಗಟ್ಟಲೆ ಪ್ರತಿಗಳಲ್ಲಿ ಖರ್ಚಾದವು. ಅಟ್ಲಾಂಟಿಕ್ ಸಾಗರವನ್ನು ದಾಟಿ ಬ್ರಿಟನ್ನಿನ ಬೀದಿಬೀದಿಗಳಲ್ಲಿ ಕೇಳಿಬಂದವು. ಇವರನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಕಥೆಯನ್ನು ಆರಿಸಿಕೊಳ್ಳುತ್ತಾರೆ: ಕಣ್ಣಿಲ್ಲದ ಭಕ್ತೆಯೊಬ್ಬಳ ಬಾಯಿಂದ ಹಾಡುಗಳು ಪವಾಡದಂತೆ ಉಕ್ಕಿಬಂದ ಕಥೆ, ಇಲ್ಲವೇ ಪ್ರಕಾಶಕರು ಒಬ್ಬ ಮುಗ್ಧ ಹೆಂಗಸನ್ನು ಸುಲಿದ ಕಥೆ. ಎರಡರಲ್ಲೂ ಸ್ವಲ್ಪ ಸ್ವಲ್ಪ ಸತ್ಯವಿದೆ. ಆದರೆ ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಭಕ್ತಿಗೀತೆಯೊಂದು ಯಾರ ಬೇಡಿಕೆಯಿಂದ ಹುಟ್ಟುತ್ತಿತ್ತು, ಯಾರ ಸೊತ್ತಾಗುತ್ತಿತ್ತು, ಯಾವ ದಾರಿಯಲ್ಲಿ ಜನರ ಬಾಯಿಗೆ ತಲುಪುತ್ತಿತ್ತು ಎಂಬುದನ್ನು ಬಿಡಿಸಿ ನೋಡದೆ ಇದ್ದರೆ, ಆ ಸಂಖ್ಯೆಯೂ ಆ ಬೆಲೆಯೂ ಅರ್ಥವಾಗುವುದಿಲ್ಲ.

ಕ್ರಾಸ್ಬಿ ಹುಟ್ಟಿದ್ದು 1820ರ ಮಾರ್ಚ್ 24ರಂದು, ನ್ಯೂಯಾರ್ಕ್ ರಾಜ್ಯದ ಪಟ್ನಮ್ ಕೌಂಟಿಯ ಹಳ್ಳಿಯೊಂದರಲ್ಲಿ. ಆರು ವಾರದ ಕೂಸಾಗಿದ್ದಾಗ ಕಣ್ಣಿಗೆ ಸೋಂಕು ತಗುಲಿ, ವೈದ್ಯನೆಂದು ಹೇಳಿಕೊಂಡವನೊಬ್ಬ ಸಾಸಿವೆಯ ಪಟ್ಟು ಹಾಕಿದ್ದರಿಂದ ದೃಷ್ಟಿ ಹೋಯಿತೆಂದು ಮನೆಯವರು ನಂಬಿದ್ದರು. ಅದು ಹುಟ್ಟಿನಿಂದಲೇ ಬಂದ ದೋಷವಿರಬಹುದೆಂದು ಈಚಿನವರು ಊಹಿಸುತ್ತಾರೆ. ತಂದೆ ಅದೇ ವರ್ಷ ತೀರಿಕೊಂಡರು. ಸಾಕಿದವರು ತಾಯಿ ಮತ್ತು ಅಜ್ಜಿ. ಬೈಬಲಿನ ಪುಸ್ತಕಗಳನ್ನು ಒಂದಾದ ಮೇಲೊಂದರಂತೆ ಕೇಳಿ ಕಂಠಪಾಠ ಮಾಡಿದ ಆ ಬಾಲ್ಯವೇ ಮುಂದೆ ಅವರ ವೃತ್ತಿಗೆ ಬಂಡವಾಳವಾಯಿತು. 1835ರಲ್ಲಿ ನ್ಯೂಯಾರ್ಕಿನ ಅಂಧರ ಶಾಲೆಯನ್ನು ಸೇರಿ, ಅಲ್ಲಿಯೇ ಓದಿ, ಮುಂದೆ ಅಲ್ಲಿಯೇ ಶಿಕ್ಷಕಿಯಾಗಿ 1858ರವರೆಗೆ ಇದ್ದರು. ಆ ವರ್ಷ ಅದೇ ಶಾಲೆಯ ಸಂಗೀತಗಾರ, ತಾವೂ ಅಂಧರಾಗಿದ್ದ ಅಲೆಗ್ಸಾಂಡರ್ ವ್ಯಾನ್ ಆಲ್‌ಸ್ಟೈನ್ ಅವರನ್ನು ಮದುವೆಯಾದರು. ಬರಹಕ್ಕೆ ಹುಟ್ಟುಹೆಸರನ್ನೇ ಉಳಿಸಿಕೊಳ್ಳಬೇಕೆಂದು ಒತ್ತಾಯಿಸಿದವರು ಪತಿಯೇ. ಅವರಿಗೆ ಹುಟ್ಟಿದ ಒಂದೇ ಮಗು ಹಸುಗೂಸಾಗಿದ್ದಾಗಲೇ ತೀರಿಹೋಯಿತು.

ಭಕ್ತಿಗೀತೆಗಳಿಗೆ ಕೈಹಾಕುವ ಮೊದಲೇ ಕ್ರಾಸ್ಬಿ ಪ್ರಕಟಿತ ಕವಿಯಾಗಿದ್ದರೆಂಬುದನ್ನು ಬಹಳ ಮಂದಿ ಮರೆಯುತ್ತಾರೆ. 1844, 1851 ಮತ್ತು 1858ರಲ್ಲಿ ಅವರ ಮೂರು ಕವನ ಸಂಕಲನಗಳು ಹೊರಬಂದಿದ್ದವು, ಮೂರೂ ಅವರ ಹೆಸರಿನಲ್ಲೇ. 1850ರ ದಶಕದಲ್ಲಿ, ಅಂಧರ ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದ ಜಾರ್ಜ್ ರೂಟ್ ಅವರ ರಾಗಗಳಿಗೆ ಲೌಕಿಕ ಹಾಡುಗಳನ್ನೂ ಬರೆದುಕೊಟ್ಟರು. ಮನೆಮನೆಯ ಪಿಯಾನೋದ ಮೇಲೆ ನುಡಿಸಲು ಬಿಡಿ ಹಾಳೆಗಳಾಗಿ ಮಾರಾಟವಾಗುತ್ತಿದ್ದ ಹಾಡುಗಳವು. ಅವುಗಳಲ್ಲಿ 1855ರ 'ರೋಸಲೀ, ದ ಪ್ರೇರಿ ಫ್ಲವರ್' ಎಂಬುದರ ವ್ಯವಹಾರವನ್ನು ಸ್ವಲ್ಪ ನಿಂತು ನೋಡಬೇಕು. ರೂಟ್ ಆ ಹಾಡನ್ನು ನೂರು ಡಾಲರಿಗೆ ಒಮ್ಮೆಗೇ ಮಾರಲು ಹೊರಟಿದ್ದರು. ಬೆಲೆ ಹೆಚ್ಚಾಯಿತೆಂದ ಪ್ರಕಾಶಕರು, ಮಾರಾಟವಾದ ಪ್ರತಿಗಿಷ್ಟು ಎಂಬ ರಾಯಲ್ಟಿಯ ಲೆಕ್ಕದಲ್ಲಾದರೆ ತೆಗೆದುಕೊಳ್ಳುತ್ತೇವೆ ಎಂದರು. ಹಾಡು ಹಬ್ಬಿತು, ರೂಟ್ ಅವರಿಗೆ ಸುಮಾರು ಮೂರು ಸಾವಿರ ಡಾಲರ್ ಬಂತು. ಸಾಹಿತ್ಯ ಬರೆದ ಕ್ರಾಸ್ಬಿಯವರಿಗೆ ಸಿಕ್ಕಿದ್ದು ಎಂದಿನ ಒಂದೆರಡು ಡಾಲರ್. ರಾಗ ಕಟ್ಟಿದವನೇ ಹಾಡಿನ ಒಡೆಯ, ಮಾತು ಬರೆದವರು ಕೂಲಿಗೆ ಬಂದವರು ಎಂಬ ಪದ್ಧತಿ ಭಕ್ತಿಗೀತೆಗಳ ಲೋಕಕ್ಕೆ ಬರುವ ಮೊದಲೇ ಸಂಗೀತದ ಪೇಟೆಯಲ್ಲಿ ಬೇರೂರಿತ್ತು. ಕ್ರೈಸ್ತ ಪ್ರಕಾಶಕರು ಅದನ್ನು ಹೊಸದಾಗಿ ಹುಟ್ಟುಹಾಕಲಿಲ್ಲ, ಇದ್ದುದನ್ನು ಮುಂದುವರಿಸಿದರು.

1864ರ ಫೆಬ್ರುವರಿಯಲ್ಲಿ ಸಭಾಪಾಲಕರೊಬ್ಬರ ಪರಿಚಯದ ಮೂಲಕ ಕ್ರಾಸ್ಬಿ ನ್ಯೂಯಾರ್ಕಿನ ಬ್ರೂಮ್ ಬೀದಿಯಲ್ಲಿದ್ದ ವಿಲಿಯಂ ಬ್ರಾಡ್‌ಬರಿಯವರ ಕಚೇರಿಗೆ ಹೋದರು. ಬ್ರಾಡ್‌ಬರಿ ರಾಗ ಸಂಯೋಜಕರು, ಪಿಯಾನೋ ತಯಾರಕರು, ಜೊತೆಗೆ ಸಂಡೆ ಸ್ಕೂಲಿನ, ಅಂದರೆ ಮಕ್ಕಳಿಗೆ ಭಾನುವಾರ ಕ್ರೈಸ್ತ ಧರ್ಮಪಾಠ ಹೇಳುವ ಶಾಲೆಯ, ಹಾಡಿನ ಪುಸ್ತಕಗಳ ಪ್ರಕಾಶಕರು. ಈ ಮೂರನೆಯ ಕಸುಬೇ ಇಲ್ಲಿ ಮುಖ್ಯ. ಆ ಕಾಲದ ಅಮೆರಿಕದಲ್ಲಿ ಸಂಡೆ ಸ್ಕೂಲ್ ಎಂಬುದು ಒಂದೊಂದು ಪಂಗಡದ ಮಿತಿಯನ್ನು ದಾಟಿದ ದೊಡ್ಡ ಚಳವಳಿಯಾಗಿತ್ತು. ಭಾನುವಾರದ ಆರಾಧನೆಗೆ ಬಳಸುವ ಸಂಗೀತ ಪುಸ್ತಕವನ್ನು ಒಂದು ಚರ್ಚಿನ ಸಭೆ ಒಮ್ಮೆ ಕೊಂಡರೆ ತಲೆಮಾರಿನವರೆಗೆ ಬದಲಿಸುತ್ತಿರಲಿಲ್ಲ. ಮಕ್ಕಳ ಪುಸ್ತಕದ ಮಾತು ಬೇರೆ. ಅದು ಚಿಕ್ಕದು, ಅಡ್ಡಗಲದ್ದು, ಅಗ್ಗದ್ದು, ಬೇಗ ಹರಿದುಹೋಗುವಂಥದ್ದು; ಮಕ್ಕಳಿಗೆ ಹಳೆಯ ಹಾಡು ಬೇಸರವಾದೊಡನೆ ಶಾಲೆಯವರು ಹೊಸದನ್ನು ಕೇಳುತ್ತಿದ್ದರು. ಬ್ರಾಡ್‌ಬರಿ 1861, 1862 ಮತ್ತು 1864ರಲ್ಲಿ 'ಗೋಲ್ಡನ್ ಚೈನ್', 'ಗೋಲ್ಡನ್ ಶವರ್', 'ಗೋಲ್ಡನ್ ಸೆನ್ಸರ್' ಎಂಬ ಮೂರು ಪುಸ್ತಕಗಳನ್ನು ತಂದರು. ಇಂಥ ಪ್ರತಿಯೊಂದು ಪುಸ್ತಕವನ್ನು ತುಂಬಲು ಹೊಸ ಹಾಡುಗಳು ರಾಶಿಯಾಗಿ ಬೇಕಾಗಿದ್ದವು. ರಾಗ ಕಟ್ಟಬಲ್ಲವರಿಗೆ ಕೊರತೆಯಿರಲಿಲ್ಲ. ಕೊಟ್ಟ ರಾಗಕ್ಕೆ ಹೇಳಿದ ದಿನದೊಳಗೆ ಮಕ್ಕಳ ನಾಲಗೆಯಲ್ಲಿ ತೊಡರದ ಮಾತು ಕೂಡಿಸಬಲ್ಲವರು ಅಪರೂಪವಾಗಿದ್ದರು.

ಕ್ರಾಸ್ಬಿ ಆ ಅಪರೂಪದವರಲ್ಲಿ ಒಬ್ಬರು. ಪರಲೋಕದ ಮನೆಗೆ ಹೊರಟವರನ್ನು ಕುರಿತ ಅವರ ಮೊದಲ ಗೀತೆ ಕೆಲವೇ ದಿನಗಳಲ್ಲಿ ಸಿದ್ಧವಾಗಿ 'ಗೋಲ್ಡನ್ ಸೆನ್ಸರ್'ನಲ್ಲಿ ಅಚ್ಚಾಯಿತು. ಮುಂದಿನದು ನಿಜವಾದ ಪರೀಕ್ಷೆ. ಅಂತರ್ಯುದ್ಧದ ದಿನಗಳಾದ್ದರಿಂದ ಬ್ರಾಡ್‌ಬರಿಯವರಿಗೆ ದೇಶಭಕ್ತಿಯ ಹಾಡೊಂದು ಬೇಕಿತ್ತು. ರಾಗ ಮೊದಲೇ ಇತ್ತು, ಅದೂ ತೊಡಕಿನದು. ಕ್ರಾಸ್ಬಿ ಅದನ್ನು ಕೇಳಿಕೊಂಡು ಹೋಗಿ ಮಾತು ಕೂಡಿಸಿ ತಂದಾಗ ಕಚೇರಿಯವರಿಗೆ ಆಶ್ಚರ್ಯವಾಯಿತು. ಮುಂದಿನ ಅರ್ಧ ಶತಮಾನದ ಉದ್ಯೋಗ ಅಲ್ಲಿಗೆ ಖಚಿತವಾಯಿತೆನ್ನಬಹುದು.

ಅವರು ಬರೆಯುತ್ತಿದ್ದ ಹಾಡಿನ ರೂಪವನ್ನೂ ಇಲ್ಲಿ ಹೇಳಬೇಕು. ಹದಿನೆಂಟನೆಯ ಶತಮಾನದ ಐಸಾಕ್ ವಾಟ್ಸ್ ಅವರಂಥವರ ಇಂಗ್ಲಿಷ್ ಸ್ತುತಿಗೀತೆಗಳು ಸಮ ಅಳತೆಯ ಚರಣಗಳ ಸಾಲು. ಅವುಗಳ ಮಾತಿಗೂ ರಾಗಕ್ಕೂ ಗಂಟು ಬಿದ್ದಿರಲಿಲ್ಲ. ಅದೇ ಅಳತೆಯ ಯಾವ ರಾಗದಲ್ಲಾದರೂ ಹಾಡಬಹುದಿತ್ತು. ಎಷ್ಟೋ ಪುಸ್ತಕಗಳಲ್ಲಿ ಸಾಹಿತ್ಯ ಮಾತ್ರ ಅಚ್ಚಾಗಿ, ರಾಗಗಳ ಪುಸ್ತಕ ಬೇರೆಯೇ ಇರುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಸುವಾರ್ತಾ ಗೀತೆ (ಗಾಸ್ಪೆಲ್ ಸಾಂಗ್) ಹಾಗಲ್ಲ. ಅದರಲ್ಲಿ ಚರಣಗಳ ನಡುವೆ ಮತ್ತೆ ಮತ್ತೆ ಮರಳುವ ಪಲ್ಲವಿಯಿದೆ. ಓದು ಬಾರದವನೂ ಎರಡನೆಯ ಸುತ್ತಿಗೆ ಪಲ್ಲವಿಯಲ್ಲಿ ದನಿಗೂಡಿಸಬಹುದು. ಭಾಷೆ ಸರಳ, ಮಾತು ಹೆಚ್ಚಾಗಿ 'ನಾನು', 'ನನ್ನ' ಎಂದು ಮೊದಲಾಗುವಂಥದ್ದು. ಮುಖ್ಯವಾಗಿ, ಸ್ವರಲಿಪಿಯ ಗೆರೆಗಳ ನಡುವೆಯೇ ಸಾಹಿತ್ಯ ಕೂತಿರುತ್ತದೆ. ಒಂದು ಮಾತಿಗೆ ಒಂದೇ ರಾಗ. ಹೀಗೆ ಮಾತೂ ರಾಗವೂ ಬಿಡಿಸಲಾಗದಂತೆ ಬೆಸೆದುಕೊಂಡಾಗ ಹಾಡು ಹಿಡಿದಿಡಬಹುದಾದ ಸರಕಾಗುತ್ತದೆ, ಅದಕ್ಕೊಬ್ಬ ಒಡೆಯನೂ ಹುಟ್ಟಿಕೊಳ್ಳುತ್ತಾನೆ.

ಬ್ರಾಡ್‌ಬರಿ 1868ರ ಜನವರಿಯಲ್ಲಿ ತೀರಿಕೊಂಡರು. ಅವರ ವ್ಯಾಪಾರವನ್ನು ಲೂಷಿಯಸ್ ಬಿಗ್ಲೋ ಮತ್ತು ಸಿಲ್ವೆಸ್ಟರ್ ಮೇನ್ ಕೂಡಿ ವಹಿಸಿಕೊಂಡು 'ಬಿಗ್ಲೋ ಅಂಡ್ ಮೇನ್' ಎಂಬ ಸಂಸ್ಥೆಯನ್ನು ಕಟ್ಟಿದರು. ಮೇನ್ ಅವರನ್ನು ಕ್ರಾಸ್ಬಿ ಕನೆಕ್ಟಿಕಟ್ಟಿನ ರಿಜ್‌ಫೀಲ್ಡಿನಲ್ಲಿ ಚಿಕ್ಕಂದಿನಲ್ಲೇ ಕಂಡಿದ್ದರು. ವಾರಕ್ಕೆ ಎರಡು–ಮೂರು ಹಾಡು ಒದಗಿಸುವುದು ಈ ಸಂಸ್ಥೆಯೊಂದಿಗೆ ಅವರ ಕರಾರು. ಸಂಸ್ಥೆ ಅವರಿಂದ ಒಟ್ಟು ಕೊಂಡ ಗೀತೆಗಳ ಸಂಖ್ಯೆ 5,959 ಎಂದು ದಾಖಲೆಯಲ್ಲಿದೆ. ದಿಗಿಲು ಹುಟ್ಟಿಸುವ ಈ ಸಂಖ್ಯೆ ಸ್ವಲ್ಪ ಗುಣಾಕಾರ ಮಾಡಿದರೆ ನೆಲಕ್ಕಿಳಿಯುತ್ತದೆ: ವಾರಕ್ಕೆ ಮೂರರಂತೆ ವರ್ಷಕ್ಕೆ ನೂರೈವತ್ತು, ನಲವತ್ತು ವರ್ಷಕ್ಕೆ ಆರು ಸಾವಿರ. ಸ್ಫೂರ್ತಿ ಬಂದಾಗ ಬರೆದವರ ಲೆಕ್ಕವಲ್ಲ ಇದು. ವಾರದ ಗಡುವಿಗೆ ನಲವತ್ತು ವರ್ಷ ತಪ್ಪದೆ ಬರೆದವರ ಲೆಕ್ಕ. ನನ್ನ ಮಟ್ಟಿಗೆ ಪವಾಡದ ಕಥೆಗಿಂತ ಇದೇ ದೊಡ್ಡದು.

ಬರೆಯುವುದು ಎಂದರೆ ಅವರ ವಿಷಯದಲ್ಲಿ ಹೇಳಿ ಬರೆಸುವುದು. ಹಾಡನ್ನು ಮನಸ್ಸಿನಲ್ಲಿಯೇ ಪೂರ್ತಿ ಕಟ್ಟಿ, ತಿದ್ದಿ, ಹಲವು ಹಾಡುಗಳನ್ನು ಒಟ್ಟಿಗೆ ನೆನಪಿನಲ್ಲಿಟ್ಟುಕೊಂಡು, ಬರೆದುಕೊಳ್ಳುವವರು ಸಿಕ್ಕಾಗ ಒಂದೊಂದಾಗಿ ಒಪ್ಪಿಸುತ್ತಿದ್ದರು. ಅಂಧರ ಶಾಲೆಯಲ್ಲಿದ್ದಾಗ ಹೀಗೆ ಅವರ ಕವಿತೆಗಳನ್ನು ಬರೆದುಕೊಂಡವರಲ್ಲಿ ಅಲ್ಲಿ ಗುಮಾಸ್ತಿಕೆ ಮಾಡುತ್ತಿದ್ದ ಹದಿಹರೆಯದ ಹುಡುಗನೊಬ್ಬನಿದ್ದ. ಗ್ರೋವರ್ ಕ್ಲೀವ್‌ಲ್ಯಾಂಡ್ ಎಂಬ ಆ ಹುಡುಗ ಮುಂದೆ ಎರಡು ಬಾರಿ ಅಮೆರಿಕದ ಅಧ್ಯಕ್ಷರಾದರು.

ಎಷ್ಟೋ ಸಲ ರಾಗವೇ ಮೊದಲು ಬರುತ್ತಿತ್ತು. ಸಿನ್ಸಿನಾಟಿಯಲ್ಲಿ ಮರಗೆಲಸದ ಯಂತ್ರಗಳ ಕಾರ್ಖಾನೆ ನಡೆಸುತ್ತಿದ್ದ ಶ್ರೀಮಂತ ವಿಲಿಯಂ ಡೋನ್ ಬಿಡುವಿನಲ್ಲಿ ರಾಗ ಕಟ್ಟುತ್ತಿದ್ದರು. 1868ರಲ್ಲಿ ಒಮ್ಮೆ ಅವರು ಕ್ರಾಸ್ಬಿಯವರ ಮನೆಗೆ ಬಂದು, ರೈಲಿಗೆ ನಲವತ್ತು ನಿಮಿಷವಿದೆ, ಈ ರಾಗಕ್ಕೆ ಮಾತು ಬೇಕು ಎಂದು ನುಡಿಸಿ ಕೇಳಿಸಿದರಂತೆ. ಅರ್ಧ ಗಂಟೆಯಲ್ಲಿ ಸಿದ್ಧವಾದದ್ದು 'ಸೇಫ್ ಇನ್ ದ ಆರ್ಮ್ಸ್ ಆಫ್ ಜೀಸಸ್'. ಮಕ್ಕಳನ್ನು ಕಳೆದುಕೊಂಡ ತಾಯಂದಿರಿಗೆ ಆ ಕಾಲದಲ್ಲಿ ಇದಕ್ಕಿಂತ ಹತ್ತಿರವಾದ ಹಾಡು ಇರಲಿಲ್ಲ. 1873ರ 'ಬ್ಲೆಸೆಡ್ ಅಶ್ಯೂರೆನ್ಸ್' ಹುಟ್ಟಿದ್ದೂ ಹಾಗೆಯೇ. ಮೆಟ್ರೊಪಾಲಿಟನ್ ಲೈಫ್ ವಿಮಾ ಕಂಪನಿಯ ಅಧ್ಯಕ್ಷರ ಪತ್ನಿ ಫೀಬಿ ನ್ಯಾಪ್ ತಾವು ಕಟ್ಟಿದ ರಾಗವನ್ನು ನುಡಿಸಿ, ಇದು ಏನು ಹೇಳುತ್ತದೆ ಎಂದು ಕೇಳಿದಾಗ ಕ್ರಾಸ್ಬಿಯವರ ಬಾಯಿಂದ ಬಂದ ಉತ್ತರವೇ ಮೊದಲ ಸಾಲಾಯಿತು. ಇವೆರಡಲ್ಲದೆ ರಾಬರ್ಟ್ ಲೌರಿ, ಜಾನ್ ಸ್ವೀನಿ, ವಿಲಿಯಂ ಕರ್ಕ್‌ಪ್ಯಾಟ್ರಿಕ್ ಮೊದಲಾದವರ ರಾಗಗಳಿಗೂ ಅವರು ಬರೆದರು. ಇವರಲ್ಲಿ ಹೆಚ್ಚಿನವರು ರಾಗ ಸಂಯೋಜಕರೂ ಹೌದು, ಸಂಪಾದಕರೂ ಹೌದು. ತಮ್ಮ ರಾಗವನ್ನು ತಾವೇ ಆರಿಸಿ ತಮ್ಮ ಪುಸ್ತಕದಲ್ಲಿ ಅಚ್ಚುಹಾಕಿಸುವ ಅಧಿಕಾರ ಅವರಿಗಿತ್ತು. ಮಾತು ಬರೆದವರಿಗೆ ಅದು ಇರಲಿಲ್ಲ.

ಕಾನೂನು ಈ ವ್ಯವಸ್ಥೆಗೆ ಒತ್ತಾಸೆಯಾಗಿತ್ತು. ಅಮೆರಿಕದ 1831ರ ಕೃತಿಸ್ವಾಮ್ಯ ಕಾಯಿದೆ ಸಂಗೀತ ಕೃತಿಗಳಿಗೂ 28 ವರ್ಷಗಳ ರಕ್ಷಣೆ ನೀಡಿ, ಮತ್ತೆ 14 ವರ್ಷಗಳ ನವೀಕರಣಕ್ಕೆ ಅವಕಾಶವಿತ್ತಿತ್ತು. ಆ ರಕ್ಷಣೆ ಹಾಡನ್ನು ಅಚ್ಚುಹಾಕಿ ಮಾರುವ ಹಕ್ಕಿಗೆ. ಸಂಗೀತ ಕೃತಿಯನ್ನು ಸಾರ್ವಜನಿಕವಾಗಿ ಹಾಡುವ, ನುಡಿಸುವ ಹಕ್ಕಿಗೆ ಕಾನೂನಿನ ಮನ್ನಣೆ ಬಂದದ್ದು 1897ರಲ್ಲಿ. ಅಂದರೆ ಹತ್ತು ಸಾವಿರ ಜನ ಒಂದೇ ಸಭೆಯಲ್ಲಿ ಒಂದು ಹಾಡನ್ನು ಹಾಡಿದರೆ ಅದರಿಂದ ಯಾರಿಗೂ ಒಂದು ಕಾಸೂ ಹುಟ್ಟುತ್ತಿರಲಿಲ್ಲ. ಹಣ ಹುಟ್ಟುತ್ತಿದ್ದದ್ದು ಆ ಹತ್ತು ಸಾವಿರ ಜನರ ಕೈಯಲ್ಲಿದ್ದ ಪುಸ್ತಕದಿಂದ. ಪುಸ್ತಕದ ಪುಟದ ಅಡಿಯಲ್ಲಿ ಒಡೆಯನೆಂದು ಪ್ರಕಾಶಕರ ಇಲ್ಲವೇ ಡೋನ್ ಅವರಂಥ ರಾಗ ಸಂಯೋಜಕರ ಹೆಸರಿರುತ್ತಿತ್ತು. ಕ್ರಾಸ್ಬಿ ಸಾಹಿತ್ಯವನ್ನು ಕೈಯಿಂದ ಕೈಗೆ ಪೂರ್ತಿಯಾಗಿ ಮಾರಿರುತ್ತಿದ್ದರಿಂದ, ಹಾಡು ಎಷ್ಟು ಪುಸ್ತಕಗಳಲ್ಲಿ ಮರುಮುದ್ರಣವಾದರೂ ಅವರಿಗೆ ಮತ್ತೆ ಏನೂ ಬರಬೇಕಾಗಿರಲಿಲ್ಲ. ಎರಡು ಡಾಲರ್ ಆ ಕಾಲಕ್ಕೆ ತೀರ ಕ್ಷುಲ್ಲಕವೇನಲ್ಲ. ಕೂಲಿಯವನೊಬ್ಬನ ದಿನಗೂಲಿ ಒಂದು–ಒಂದೂವರೆ ಡಾಲರ್ ಇದ್ದ ದಿನಗಳವು. ವಾರಕ್ಕೆ ಮೂರು ಹಾಡು ಬರೆದವರು ಹಸಿದಿರಬೇಕಾಗಿರಲಿಲ್ಲ. ಆದರೆ ಎಂದೂ ಮನೆ ಕಟ್ಟಲಾರರು.

ಪುಟದ ಮೂಲೆಯ ಹೆಸರಿನ ವಿಷಯ ಇನ್ನೂ ವಿಚಿತ್ರವಾದದ್ದು. ಒಂದೇ ಪುಸ್ತಕದಲ್ಲಿ ಒಬ್ಬರದೇ ಹತ್ತಾರು ಹಾಡುಗಳಿದ್ದರೆ ಕೊಳ್ಳುವವರಿಗೆ ವೈವಿಧ್ಯವಿಲ್ಲವೆನಿಸೀತು ಎಂಬುದು ಸಂಪಾದಕರ ಅಳುಕು. ಅದರ ಫಲವಾಗಿ ಕ್ರಾಸ್ಬಿ ಸುಮಾರು ಇನ್ನೂರು ಕಾವ್ಯನಾಮಗಳಲ್ಲಿ ಅಚ್ಚಾದರು. ಗ್ರೇಸ್ ಜೆ. ಫ್ರಾನ್ಸಿಸ್, ಲಿಜ್ಜಿ ಎಡ್ವರ್ಡ್ಸ್, ಹೆನ್ರಿಯೆಟ್ಟಾ ಬ್ಲೇರ್, ಎಲ್ಲಾ ಡೇಲ್, ಗಂಡು ಹೆಸರಾದ ರಾಬರ್ಟ್ ಬ್ರೂಸ್ ಎಲ್ಲವೂ ಅವರೇ. ಕೆಲವು ಕಡೆ ಹೆಸರಿನ ಜಾಗದಲ್ಲಿ ಬರಿಯ ನಕ್ಷತ್ರ ಚಿಹ್ನೆಗಳಿವೆ. ನಮ್ಮ ದಾಸರ ಪದಗಳನ್ನೂ ಶರಣರ ವಚನಗಳನ್ನೂ ಬಲ್ಲ ಓದುಗರಿಗೆ ಇಲ್ಲಿನ ವ್ಯತ್ಯಾಸ ಥಟ್ಟನೆ ಹೊಳೆಯುತ್ತದೆ. ಪುರಂದರ ವಿಠಲ ಎಂಬ ಅಂಕಿತ ಹಾಡಿನ ಮೈಯೊಳಗೇ ಇದೆ. ಹಾಡುವವನು ಅದನ್ನು ಹಾಡದೆ ಕೊನೆಯ ಚರಣವನ್ನು ಮುಗಿಸಲಾರ. ಕ್ರಾಸ್ಬಿಯವರ ಹಾಡಿನೊಳಗೆ ಅವರ ಗುರುತು ಎಲ್ಲಿಯೂ ಇಲ್ಲ. ಹೆಸರು ಇದ್ದದ್ದು ಹಾಡಿನ ಹೊರಗೆ, ಸ್ವರಲಿಪಿಯ ಮೇಲಿನ ಒಂದು ಮೂಲೆಯಲ್ಲಿ, ಪ್ರಕಾಶಕರ ಅಚ್ಚುಮೊಳೆಯ ಅಧೀನದಲ್ಲಿ. ಯಾವ ಹಾಡು ನಿಜಕ್ಕೂ ಯಾರದು ಎಂದು ಇಂದಿಗೂ ವಿದ್ವಾಂಸರು ಪಟ್ಟಿ ಮಾಡುತ್ತಿರುವುದಕ್ಕೆ ಇದೇ ಕಾರಣ; ಒಟ್ಟು ಸಂಖ್ಯೆ ಎಂಟು ಸಾವಿರವೋ ಒಂಬತ್ತು ಸಾವಿರವೋ ಎಂಬುದು ಖಚಿತವಾಗದೆ ಉಳಿದಿರುವುದಕ್ಕೂ ಬಹುಪಾಲು ಇದೇ ಕಾರಣ.

ವೈವಿಧ್ಯದ ಈ ವಾದವನ್ನು ಸಂಸ್ಥೆ ಇನ್ನೊಂದು ಕಡೆಯೂ ಬಳಸಿತು. ಕ್ರಾಸ್ಬಿಯವರ ಸಾಹಿತ್ಯ ಮತ್ತು ಪತಿಯ ರಾಗಗಳು ಮಾತ್ರ ಇರುವ ಪುಸ್ತಕವೊಂದನ್ನು ದಂಪತಿಗಳು ಸಿದ್ಧಪಡಿಸಿ ಕೊಟ್ಟಾಗ, ಕೇವಲ ಇಬ್ಬರ ಕೃತಿಗಳಿರುವ ಪುಸ್ತಕವನ್ನು ಜನ ಕೊಳ್ಳಲಾರರೆಂದು ಬಿಗ್ಲೋ ಅಂಡ್ ಮೇನ್ ಅದನ್ನು ಹಿಂದಿರುಗಿಸಿತು. ವ್ಯಾನ್ ಆಲ್‌ಸ್ಟೈನ್ ಅವರ ರಾಗಗಳು ಸಾಮಾನ್ಯರಿಗೆ ಕಷ್ಟವಾಗಿದ್ದವೆಂಬುದು ನಿಜವಾದ ಕಾರಣವಿದ್ದಿರಬೇಕೆಂದು ಜೀವನಚರಿತ್ರಕಾರರು ಊಹಿಸುತ್ತಾರೆ. ಕಾರಣ ಯಾವುದೇ ಇರಲಿ, ಹಾಡು, ರಾಗ, ಸಂಪಾದನೆ ಮೂರೂ ತಮ್ಮ ಕೈಯಲ್ಲೇ ಇರುವ ಒಂದು ಪುಸ್ತಕ ಬರಬಹುದಾಗಿದ್ದ ಅವಕಾಶ ಹೀಗೆ ತಪ್ಪಿತು. 1897ರಲ್ಲಿ ಅದೇ ಸಂಸ್ಥೆ ಅವರ ಹೆಸರಿನಲ್ಲಿ 'ಬೆಲ್ಸ್ ಅಟ್ ಈವನಿಂಗ್' ಎಂಬ ಪುಸ್ತಕವನ್ನೇನೋ ತಂದಿತು, ಆದರೆ ಅದು ಓದುವ ಪದ್ಯಗಳ ಸಂಗ್ರಹ.

ಸಂಡೆ ಸ್ಕೂಲಿನ ಪುಸ್ತಕಗಳಲ್ಲಿಯೇ ಉಳಿದಿದ್ದರೆ ಈ ಹಾಡುಗಳೂ ಆ ಪುಸ್ತಕಗಳೊಂದಿಗೆ ಹರಿದುಹೋಗುತ್ತಿದ್ದವು. ಅವನ್ನು ಆ ಪುಟಗಳಿಂದ ಎತ್ತಿ ಲೋಕದ ಬಾಯಿಗೆ ಹಾಕಿದ್ದು ಡ್ವೈಟ್ ಮೂಡಿ ಎಂಬ ಬೋಧಕರೂ ಐರಾ ಸ್ಯಾಂಕಿ ಎಂಬ ಗಾಯಕರೂ ಸೇರಿ ನಡೆಸಿದ ಉಜ್ಜೀವನ ಕೂಟಗಳು, ಅಂದರೆ ಜನರಲ್ಲಿ ಭಕ್ತಿಯನ್ನು ಮತ್ತೆ ಎಚ್ಚರಿಸುವ ದೊಡ್ಡ ಸಭೆಗಳು. 1873ರಲ್ಲಿ ಇಬ್ಬರೂ ಬ್ರಿಟನ್ನಿಗೆ ಹೋದರು. ಸ್ಯಾಂಕಿ ಪುಟ್ಟ ಹಾರ್ಮೋನಿಯಂ ಮುಂದೆ ಕೂತು ಒಬ್ಬರೇ ಹಾಡುತ್ತಿದ್ದ ಹಾಡುಗಳನ್ನು ಜನ ಕೇಳಿ ಕೇಳಿ ಪೀಡಿಸಿದಾಗ, ಲಂಡನ್ನಿನ ಮಾರ್ಗನ್ ಅಂಡ್ ಸ್ಕಾಟ್ ಸಂಸ್ಥೆ ಹದಿನಾರು ಪುಟಗಳ ಒಂದು ಕಿರುಹೊತ್ತಗೆಯನ್ನು ಅಚ್ಚುಹಾಕಿತು. 'ಸೇಕ್ರೆಡ್ ಸಾಂಗ್ಸ್ ಅಂಡ್ ಸೋಲೋಸ್' ಎಂಬ ಅದು ಬೆಳೆಯುತ್ತ ಹೋಗಿ ಕೊನೆಗೆ 1,200 ಹಾಡುಗಳ ಹೆಬ್ಬೊತ್ತಗೆಯಾಯಿತು. ಅಮೆರಿಕಕ್ಕೆ ಮರಳಿದ ಮೇಲೆ ಸ್ಯಾಂಕಿ ಮತ್ತು ಫಿಲಿಪ್ ಬ್ಲಿಸ್ ಕೂಡಿ 1875ರಲ್ಲಿ 'ಗಾಸ್ಪೆಲ್ ಹಿಮ್ಸ್' ಮಾಲೆಯ ಮೊದಲ ಪುಸ್ತಕವನ್ನು ತಂದರು. ಅದನ್ನು ಪ್ರಕಟಿಸಿದ್ದು ಬಿಗ್ಲೋ ಅಂಡ್ ಮೇನ್ ಹಾಗೂ ಸಿನ್ಸಿನಾಟಿಯ ಜಾನ್ ಚರ್ಚ್ ಸಂಸ್ಥೆ ಜಂಟಿಯಾಗಿ. ಆರು ಭಾಗಗಳು ಸೇರಿದ 1894ರ ಪೂರ್ಣ ಆವೃತ್ತಿಯಲ್ಲಿ 739 ಹಾಡುಗಳಿವೆ. ಈ ಮಾಲೆಯಿಂದ ಬಂದ ರಾಯಲ್ಟಿಯನ್ನು ಮೂಡಿಯಾಗಲಿ ಸ್ಯಾಂಕಿಯಾಗಲಿ ತಮಗೆಂದು ಇಟ್ಟುಕೊಳ್ಳದೆ ಧರ್ಮದರ್ಶಿಗಳ ಸಮಿತಿಯೊಂದಕ್ಕೆ ಒಪ್ಪಿಸಿದರು. ಮ್ಯಾಸಚೂಸೆಟ್ಸಿನ ನಾರ್ತ್‌ಫೀಲ್ಡಿನಲ್ಲಿ ಮೂಡಿ ತೆರೆದ ಶಾಲೆಗಳ ಕಟ್ಟಡಗಳಿಗೆ ಆ ಹಣ ಸಂದಿತು. ಅವರ ನಿಸ್ವಾರ್ಥವನ್ನು ಮೆಚ್ಚಲೇಬೇಕು. ಆದರೆ ಬಿಟ್ಟುಕೊಡಲು ಅವರ ಬಳಿ ಒಂದು ಪಾಲು ಇತ್ತು, ಕ್ರಾಸ್ಬಿಯವರ ಬಳಿ ಅದೂ ಇರಲಿಲ್ಲ ಎಂಬುದನ್ನು ಮರೆಯುವಂತಿಲ್ಲ.

ಬ್ರಿಟನ್ನಿನ ಲೆಕ್ಕವೇ ಬೇರೆ. ಅಮೆರಿಕ ಮತ್ತು ಬ್ರಿಟನ್ನಿನ ನಡುವೆ ಕೃತಿಸ್ವಾಮ್ಯದ ಪರಸ್ಪರ ಮಾನ್ಯತೆ 1891ರವರೆಗೆ ಇರಲಿಲ್ಲವಾದ್ದರಿಂದ ಒಂದು ದೇಶದ ಹಾಡನ್ನು ಇನ್ನೊಂದು ದೇಶದವರು ಬಹುಮಟ್ಟಿಗೆ ನಿರಾತಂಕವಾಗಿ ಅಚ್ಚುಹಾಕಿಕೊಳ್ಳುತ್ತಿದ್ದರು. ಇದರಿಂದ ಅಮೆರಿಕದ ಪ್ರಕಾಶಕರಿಗೆ ನಷ್ಟವಾಗಿರಬಹುದು, ಹಾಡುಗಳಿಗೆ ಲಾಭವಾಯಿತು. 'ಟು ಗಾಡ್ ಬಿ ದ ಗ್ಲೋರಿ' ಇದಕ್ಕೆ ಒಳ್ಳೆಯ ಉದಾಹರಣೆ. ಡೋನ್ ಅವರ ರಾಗದಲ್ಲಿ ಇದು 1875ರ 'ಬ್ರೈಟೆಸ್ಟ್ ಅಂಡ್ ಬೆಸ್ಟ್' ಎಂಬ ಸಂಡೆ ಸ್ಕೂಲಿನ ಪುಸ್ತಕದಲ್ಲಿ ಅಚ್ಚಾಯಿತು. 'ಗಾಸ್ಪೆಲ್ ಹಿಮ್ಸ್' ಮಾಲೆಗೆ ಸೇರಲಿಲ್ಲ. ಅಮೆರಿಕ ಅದನ್ನು ಮರೆತೇಬಿಟ್ಟಿತು. ಬ್ರಿಟನ್ನಿನವರು ಮಾತ್ರ ಸ್ಯಾಂಕಿಯವರ ಪುಸ್ತಕದಿಂದ ಅದನ್ನು ಹಾಡುತ್ತಲೇ ಇದ್ದರು. 1954ರಲ್ಲಿ ಅಮೆರಿಕದ ಕ್ರೈಸ್ತ ಬೋಧಕ ಬಿಲ್ಲಿ ಗ್ರಹಾಂ ಲಂಡನ್ನಿನ ಹ್ಯಾರಿಂಗೇ ಸಭಾಂಗಣದಲ್ಲಿ ನಡೆಸಿದ ಸಭೆಗಳಲ್ಲಿ ಅದು ಮೊಳಗಿತು. ಅದೇ ವರ್ಷ ಅವರ ತಂಡ ಅದನ್ನು ನ್ಯಾಷ್‌ವಿಲ್ಲಿಗೆ ಕೊಂಡೊಯ್ದಾಗ ಅಮೆರಿಕದವರು ಹೊಸ ಹಾಡೆಂಬಂತೆ ಕಲಿತರು. ಸಂಪಾದಕನೊಬ್ಬನ ಆಯ್ಕೆಯಿಂದ ಹಾಡೊಂದು ಹುಟ್ಟಿದ ನೆಲದಲ್ಲೇ ಎಂಟು ದಶಕ ಮರೆಯಾಗಬಹುದೆಂದರೆ, ಆಯ್ಕೆಯೇ ಆಗದೆ ಉಳಿದ ಸಾವಿರಾರು ಹಾಡುಗಳ ಪಾಡು ಏನಿರಬೇಕು?

ಆ ಸಾವಿರಾರು ಹಾಡುಗಳಿದ್ದದ್ದು ಸಂಸ್ಥೆಯ ತಿಜೋರಿಯಲ್ಲಿ. ಕೊಂಡದ್ದನ್ನೆಲ್ಲ ಅಚ್ಚುಹಾಕುವ ಕಟ್ಟುಪಾಡು ಪ್ರಕಾಶಕರಿಗಿರಲಿಲ್ಲ. 1891ರಲ್ಲಿ ಕ್ರಾಸ್ಬಿ ಬರೆದುಕೊಟ್ಟ ಗೀತೆಯೊಂದು ಹೀಗೆ ಎರಡು ಡಾಲರ್ ಪಡೆದು ಒಳಗೆ ಹೋಗಿ ಮೂರು ವರ್ಷ ಕೂತಿತ್ತು. 1894ರಲ್ಲಿ ನಾರ್ತ್‌ಫೀಲ್ಡಿನ ಸಮಾವೇಶದಲ್ಲಿ ಸ್ಯಾಂಕಿ ಒತ್ತಾಯಿಸಿ ಅವರನ್ನು ಮಾತಿಗೆ ನಿಲ್ಲಿಸಿದಾಗ, ಕೊನೆಯಲ್ಲಿ ಅದೇ ಗೀತೆಯನ್ನು ನೆನಪಿನಿಂದ ಒಪ್ಪಿಸಿದರು. ಸಭೆಯಲ್ಲಿದ್ದ ಇಂಗ್ಲೆಂಡಿನ ವರದಿಗಾರರೊಬ್ಬರು ಅದನ್ನು ಬರೆದುಕೊಂಡು ತಮ್ಮ ದೇಶದ ಪತ್ರಿಕೆಯಲ್ಲಿ ಅಚ್ಚುಹಾಕಿಸಿದರು. ಅದು ಸ್ಯಾಂಕಿಯವರ ಕಣ್ಣಿಗೆ ಬಿದ್ದು, ಅವರು ಜಾರ್ಜ್ ಸ್ಟೆಬಿನ್ಸ್ ಅವರಿಂದ ರಾಗ ಹಾಕಿಸಿದರು. 'ಸೇವ್ಡ್ ಬೈ ಗ್ರೇಸ್' ಎಂದು ಪ್ರಸಿದ್ಧವಾದ ಹಾಡು ಇದೇ. ಬೀಗ ಹಾಕಿಟ್ಟಿದ್ದ ಹಾಡನ್ನು ಹೊರತಂದದ್ದು ಕವಯಿತ್ರಿಯ ನೆನಪು. ಕಾಗದ ಮಾರಾಟವಾಗಿತ್ತು, ಕಂಠಪಾಠ ಮಾರಾಟವಾಗಿರಲಿಲ್ಲ.

ಹಾಗಾದರೆ ಅವರನ್ನು ಸುಲಿಯಲಾಯಿತೇ? ಈ ಪ್ರಶ್ನೆ ಅವರು ಬದುಕಿದ್ದಾಗಲೇ ಬಹಿರಂಗವಾಗಿ ಎದ್ದಿತು. 1903ರಲ್ಲಿ ಕವಿ ವಿಲ್ ಕಾರ್ಲ್‌ಟನ್ ಕ್ರಾಸ್ಬಿಯವರ ಜೀವನಕಥೆಯನ್ನು ಪ್ರಕಟಿಸಿ, ಪುಸ್ತಕ ಕೊಂಡರೆ ವೃದ್ಧ ಕವಯಿತ್ರಿಗೆ ಸ್ವಂತ ಮನೆಯಾಗಲು ನೆರವಾಗುತ್ತದೆಂದು ಸಾರಿದರು. ತಾವು ಆಕೆಯನ್ನು ಬಡತನಕ್ಕೆ ಬಿಟ್ಟಿದ್ದೇವೆಂಬ ಧ್ವನಿ ಅದರಲ್ಲಿದೆಯೆಂದು ಬಿಗ್ಲೋ ಅಂಡ್ ಮೇನ್, ಡೋನ್ ಮತ್ತು ಸ್ಯಾಂಕಿ ನೊಂದುಕೊಂಡರು. ಇಳಿವಯಸ್ಸಿನಲ್ಲಿ ಹಾಡು ಕೊಟ್ಟರೂ ಕೊಡದಿದ್ದರೂ ವಾರಕ್ಕೆ ಎಂಟು ಡಾಲರ್ ಕೊಡುತ್ತಿದ್ದೇವಲ್ಲ ಎಂಬುದು ಸಂಸ್ಥೆಯ ಸಮರ್ಥನೆಗೆ ಆಧಾರ. ಇನ್ನೊಂದು ಕಡೆ ಫೀಬಿ ನ್ಯಾಪ್ ಅವರಿಗೆ ಗೆಳತಿಗೆ ನ್ಯಾಯವಾದ ಸಂಭಾವನೆ ಸಿಕ್ಕಿಲ್ಲವೆಂಬ ಅಭಿಪ್ರಾಯವಿತ್ತು. ಸ್ವತಃ ಕ್ರಾಸ್ಬಿ ತಮ್ಮ ಪ್ರಕಾಶಕರನ್ನು ಎಂದೂ ದೂರಲಿಲ್ಲ. 1906ರ ಆತ್ಮಕಥೆಯಲ್ಲಿ ಅವರೆಲ್ಲರನ್ನೂ ಗೆಳೆಯರೆಂದೇ ನೆನೆದರು. ಕೈಗೆ ಬಂದ ಹಣವನ್ನು ಉಳಿಸುವ ಸ್ವಭಾವವೂ ಅವರದ್ದಾಗಿರಲಿಲ್ಲ. ಮ್ಯಾನ್‌ಹಟನ್ನಿನ ಬಡವರ ಕೇರಿಗಳಲ್ಲಿ ಮನೆ ಮಾಡಿಕೊಂಡು, ಬವರಿ ಮತ್ತು ವಾಟರ್ ಬೀದಿಯ ಮಿಷನ್‌ಗಳಲ್ಲಿ ಕುಡುಕರ, ನಿರ್ಗತಿಕರ ನಡುವೆ ಓಡಾಡಿಕೊಂಡಿದ್ದು, ಸಿಕ್ಕಿದ್ದನ್ನು ಹಂಚಿಬಿಡುತ್ತಿದ್ದರು.

ನನಗೆ ತೋರುವುದಿಷ್ಟು: ಅವರ ಪ್ರಕಾಶಕರು ವ್ಯಕ್ತಿಗಳಾಗಿ ಕೆಟ್ಟವರಾಗಿರಲಿಲ್ಲ, ಆದರೆ ಅವರು ತೋರಿದ್ದು ಔದಾರ್ಯ, ಬೇಕಾಗಿದ್ದದ್ದು ಹಕ್ಕು. ವಾರದ ಎಂಟು ಡಾಲರ್ ಸಂಸ್ಥೆಯ ಮನಸ್ಸು ಇದ್ದಷ್ಟು ದಿನ ಬರುವ ಹಣ. ಪ್ರತಿ ಪ್ರತಿಗೆ ಅರ್ಧ ಕಾಸಿನ ಪಾಲಿದ್ದರೂ ಅದನ್ನು ಕೇಳಿ ಪಡೆಯಲು ಯಾರ ಮನಸ್ಸೂ ಬೇಕಾಗುತ್ತಿರಲಿಲ್ಲ. ಹಣ ಬೇಡವೆನ್ನುವ ಭಕ್ತೆಗೆ ಹಣ ಕೊಡಬೇಕಾಗಿರಲಿಲ್ಲ ಎಂಬ ವಾದವನ್ನು ಆಗಾಗ ಕೇಳುತ್ತೇವೆ. ದಾನ ಮಾಡುವವರ ಕೈಗೆ ಹೆಚ್ಚು ಬಂದಿದ್ದರೆ ಬವರಿಯ ಬಡವರಿಗೂ ಹೆಚ್ಚು ಸೇರುತ್ತಿತ್ತಲ್ಲವೇ?

ಗಡುವಿಗೆ ಬರೆದ ಹಾಡುಗಳ ಗುಣಮಟ್ಟದ ಬಗ್ಗೆಯೂ ಮುಚ್ಚುಮರೆ ಬೇಕಿಲ್ಲ. ಇಂಗ್ಲಿಷ್ ಸ್ತುತಿಗೀತೆಗಳ ಮಹಾಕೋಶವನ್ನು 1892ರಲ್ಲಿ ಹೊರತಂದ ಜಾನ್ ಜೂಲಿಯನ್, ಇವು ಅಪಾರವಾಗಿ ಪ್ರಚಾರ ಪಡೆದಿದ್ದರೂ ಕೆಲವನ್ನು ಬಿಟ್ಟರೆ ಮಿಕ್ಕವು ತೀರ ದುರ್ಬಲವೆಂದೂ ಸರಳತೆ ಮತ್ತು ಶ್ರದ್ಧೆಗಳೇ ಅವುಗಳನ್ನು ಕಾಯುವ ಗುಣಗಳೆಂದೂ ತೀರ್ಪಿತ್ತರು. ಓದುವ ಕವಿತೆಯಾಗಿ ಅಳೆದರೆ ಆ ತೀರ್ಪು ತಪ್ಪಲ್ಲ. ಅದೇ ಪ್ರಾಸ, ಅದೇ ಪ್ರತಿಮೆ ನೂರಾರು ಸಲ ತಿರುಗಿ ಬರುತ್ತವೆ. ಸಭೆ ಒಟ್ಟಾಗಿ ಹಾಡುವ ಪಲ್ಲವಿಯನ್ನು ಹಾಗೆ ಅಳೆಯಬಹುದೇ ಎಂಬುದು ಬೇರೆ ವಿಷಯ.

ಕನ್ನಡ ನಾಡಿನಲ್ಲಿ ಕ್ರೈಸ್ತ ಗೀತೆಗಳು ಅಚ್ಚಾದ ಬಗೆ ಇದಕ್ಕಿಂತ ಭಿನ್ನವಾಗಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1841ರಲ್ಲಿ ಅಲ್ಲಿ ಮುದ್ರಣಾಲಯ ತೆರೆಯಿತು. ಹರ್ಮನ್ ಮೋಗ್ಲಿಂಗ್, ಗಾಟ್‌ಫ್ರೀಡ್ ವೈಗ್ಲೆ ಮೊದಲಾದವರು ಜರ್ಮನ್ ಪರಂಪರೆಯ ಗೀತೆಗಳನ್ನು ಕನ್ನಡಕ್ಕೆ ತಂದರು. ಬರೆದವರೂ ಅಚ್ಚುಹಾಕಿದವರೂ ಹಾಡಿಸಿದವರೂ ಒಂದೇ ಮಿಷನ್ನಿನವರಾದ್ದರಿಂದ ಹಾಡಿಗೆ ಬೆಲೆ ಕಟ್ಟುವ ಪ್ರಶ್ನೆ ಅಲ್ಲಿ ಏಳಲಿಲ್ಲ. ಅಮೆರಿಕದ ಸುವಾರ್ತಾ ಗೀತೆಗಳು ಇಲ್ಲಿನ ಸಭೆಗಳನ್ನು ತಲುಪಿದ್ದು ಇಂಗ್ಲಿಷ್ ಬಲ್ಲ ಮಿಷನರಿಗಳ ಮೂಲಕ, ಅಂದರೆ ಹುಟ್ಟಿದ ಪೇಟೆಯ ಲೆಕ್ಕಾಚಾರಗಳಿಂದ ಪೂರ್ತಿ ಬಿಡಿಸಿಕೊಂಡ ಮೇಲೆ.

ಕ್ರಾಸ್ಬಿ 1915ರ ಫೆಬ್ರುವರಿ 12ರಂದು ಕನೆಕ್ಟಿಕಟ್ಟಿನ ಬ್ರಿಜ್‌ಪೋರ್ಟಿನಲ್ಲಿ ತೀರಿಕೊಂಡರು. 1922ರಲ್ಲಿ ಬಿಗ್ಲೋ ಅಂಡ್ ಮೇನ್ ಸಂಸ್ಥೆಯನ್ನು ಷಿಕಾಗೋದ ಹೋಪ್ ಪಬ್ಲಿಷಿಂಗ್ ಕಂಪನಿ ಕೊಂಡಿತು; ತಿಜೋರಿಯ ಹಸ್ತಪ್ರತಿಗಳೂ ಜೊತೆಗೆ ಬಂದವು. ಅವುಗಳಲ್ಲಿ ಅಚ್ಚಾಗದೆ ಉಳಿದಿದ್ದವನ್ನು ಶೋಧಿಸಿ ಆರಿಸಿದ 120 ಗೀತೆಗಳನ್ನು ಸಂಗೀತ ವಿದ್ವಾಂಸ ಡೊನಾಲ್ಡ್ ಹಸ್ಟಾಡ್ 1977ರಲ್ಲಿ ಪ್ರಕಟಿಸಿದರು. ಆಕೆಯ ಜೀವಿತಾವಧಿಯಲ್ಲಿ ಅಚ್ಚಾದ ಹಾಡುಗಳೆಲ್ಲವೂ ಈಗ ಅಮೆರಿಕದಲ್ಲಿ ಕೃತಿಸ್ವಾಮ್ಯದಿಂದ ಹೊರಗಿವೆ. ಯಾರು ಬೇಕಾದರೂ ಅಚ್ಚುಹಾಕಬಹುದು, ಧ್ವನಿಮುದ್ರಿಸಬಹುದು, ಭಾಷಾಂತರಿಸಬಹುದು. ಆದರೆ ಅವಕ್ಕೆ ಇಂದಿನ ಸಂಗೀತಗಾರರು ಮಾಡಿಕೊಂಡ ಹೊಸ ವಾದ್ಯಸಂಯೋಜನೆಗಳ ಮೇಲೆ ಹೊಸ ಹಕ್ಕು ಹುಟ್ಟುತ್ತದೆ. 'ಬ್ಲೆಸೆಡ್ ಅಶ್ಯೂರೆನ್ಸ್' ಹಾಡಿನ ಅಂಥ ರೂಪವೊಂದನ್ನು ಇಂದು ಯಾರಾದರೂ ಮರುಬಳಸಿದರೆ ಹಣ ಸಲ್ಲುವುದು ಆ ಸಂಯೋಜಕನಿಗೆ ಮತ್ತು ಅವನ ಪ್ರಕಾಶಕನಿಗೆ.